ಪಾಸ್‌ಬುಕ್ ಕೊಡದ ಸಂಶೋಧನೆ

ಬಾಗಲಕೋಟೆ ಬಿಟ್ಟು ಬಂದು ಪುಣೆಯ ಬಿಬವೇವಾಡಿಯಲ್ಲಿ ಮನೆ ಮಾಡಿದ ಮೇಲೆ ನನಗೆ ಸಿಕ್ಕ ಬಿರುದು ‘ಕಾನಡಿ ಕಾಕಾ’. ಮಾರ್ಕೆಟ್ ಯಾರ್ಡಿನ ಹಮಾಲರಿಂದ ಹಿಡಿದು ಅಪ್ಪರ್ ಇಂದಿರಾನಗರದ ಕಡೆ ಕಟ್ಟಡದ ಕೆಲಸಕ್ಕೆ ಬಂದ ಯಾದಗಿರಿ, ಕಲಬುರಗಿ, ವಿಜಯಪುರದ ಹೆಣ್ಣುಮಕ್ಕಳ ತನಕ ಯಾರಿಗೆ ಅರ್ಜಿ ಬರೆಯಬೇಕಾದರೂ ನನ್ನ ಮನೆ ತೋರಿಸುತ್ತಾರೆ. ನಿವೃತ್ತ ಬ್ಯಾಂಕ್ ಅಧಿಕಾರಿಗೆ ಬೇರೆ ಕೆಲಸವಾದರೂ ಏನಿದೆ? ಖುಷಿಯಿಂದಲೇ ಬರೆದುಕೊಡುತ್ತೇನೆ.

ಕೆಲವು ವರ್ಷಗಳ ಹಿಂದೆ ಹೀಗೇ ಒಬ್ಬ ಹುಡುಗಿ, ಒಬ್ಬ ಹುಡುಗ ಬಂದರು. ಸಂಶೋಧನಾ ವಿದ್ಯಾರ್ಥಿಗಳು. ವಲಸೆ ಬಂದ ಕೂಲಿ ಹೆಂಗಸರ ಆರೋಗ್ಯದ ಮೇಲೆ ಸರ್ವೇ ಅಂತೆ. ಫಾರ್ಮು ಇಂಗ್ಲಿಷಿನಲ್ಲಿ, ಕೇಳುವವರದು ಮರಾಠಿ, ಉತ್ತರ ಹೇಳಬೇಕಾದವರಿಗೆ ಬರುವುದು ಕನ್ನಡ ಒಂದೇ. ‘ಕಾಕಾ, ಥೋಡೀ ಮದತ್ ಕರಾಲ್ ಕಾ?’ ಅಂದರು. ಹೋದೆ. ಮೂರು ಭಾನುವಾರ ಕೂತು ನಲವತ್ತಕ್ಕೂ ಹೆಚ್ಚು ಫಾರ್ಮು ತುಂಬಿಸಿದೆ. ಎಷ್ಟು ಹೆರಿಗೆ ಆದವು, ಎಷ್ಟು ಮಕ್ಕಳು ಉಳಿದವು, ನಿನ್ನೆ ಏನು ಉಂಡಿರಿ, ಗಂಡ ಹೊಡೆಯುತ್ತಾನಾ? ಇಂಥ ಪ್ರಶ್ನೆಗಳನ್ನು ನಾನು ತಲೆ ತಗ್ಗಿಸಿಕೊಂಡೇ ಕೇಳಿದೆ. ಒಡಹುಟ್ಟಿದವರ ಮುಂದೂ ಹೇಳದ ಮಾತನ್ನು ಆ ಹೆಂಗಸರು ನನ್ನ ಕನ್ನಡವನ್ನು ನಂಬಿ ಹೇಳಿದರು. ಕೊನೆಗೆ ಬೆರಳು ಚುಚ್ಚಿ ರಕ್ತ ತೆಗೆದುಕೊಂಡರು. ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಅವರದು, ಪಕ್ಕದಲ್ಲಿ ಸಾಕ್ಷಿ ಸಹಿ ನನ್ನದು.

ಒಬ್ಬಾಕಿ ಕೇಳಿದಳು: ‘ನನ್ನ ರಕ್ತದಾಗ ಏನೈತಿ ಅಂತ ಯಾವಾಗ ಹೇಳ್ತಾರ್ರೀ ಕಾಕಾ?’

‘ಹದಿನೈದು ದಿನದಾಗ ಹೇಳ್ತಾರವ್ವ’ ಅಂದೆ. ಆ ಹುಡುಗಿ ನನಗೆ ಹೇಳಿದ್ದೂ ಅದೇ.

ಯಾರೂ ಬರಲಿಲ್ಲ. ಫೋನು ಮಾಡಿದರೆ ‘ಅನಾಲಿಸಿಸ್ ನಡೆದಿದೆ’ ಅನ್ನುವ ಉತ್ತರ. ಆ ಹೆಣ್ಣುಮಗಳು ಕಿರಾಣಿ ಅಂಗಡಿ ಹತ್ತಿರ ಎರಡು ಸಲ ನನ್ನನ್ನು ಕೇಳಿದಳು. ಮೂರನೇ ಸಲ ಕಂಡಾಗ ಕೇಳಲಿಲ್ಲ, ಸುಮ್ಮನೆ ನಕ್ಕು ಹೋದಳು. ಆಮೇಲೆ ಆ ಸೈಟಿನ ಕೆಲಸ ಮುಗಿಯಿತು, ಕಂಟ್ರಾಕ್ಟರ ಎಲ್ಲರನ್ನೂ ಊರಿನ ಆ ತುದಿಗೆ ಕರೆದುಕೊಂಡು ಹೋದ.

ನನ್ನ ಸಿಟ್ಟು ಇದರ ಮೇಲೆ. ಬ್ಯಾಂಕಿನಲ್ಲಿ ಹತ್ತು ರೂಪಾಯಿ ಕಟ್ಟಿದವನಿಗೂ ನಾವು ಕೌಂಟರ್‌ಫಾಯಿಲ್ ಹರಿದುಕೊಡುತ್ತೇವೆ, ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕುತ್ತೇವೆ. ಹೆಬ್ಬೆಟ್ಟಿನ ಗಿರಾಕಿಯಾದರೆ ಕಾಗದದಲ್ಲಿ ಏನಿದೆ ಅಂತ ಅವನ ಭಾಷೆಯಲ್ಲೇ ಓದಿ ಹೇಳಿ, ‘ಓದಿ ಹೇಳಲಾಗಿದೆ’ ಅಂತ ಬರೆದು ಸಹಿ ಹಾಕುತ್ತೇವೆ. ಹಾಕದಿದ್ದರೆ ಇನ್‌ಸ್ಪೆಕ್ಷನ್‌ನಲ್ಲಿ ನಮ್ಮ ಚರ್ಮ ಸುಲಿಯುತ್ತಾರೆ. ಸಂಶೋಧಕರು ಮಾತ್ರ ಬಡವರ ಹೊಟ್ಟೆಯೊಳಗಿನ ಮಾತನ್ನು ಡಿಪಾಜಿಟ್ ಇಟ್ಟುಕೊಂಡು, ಅದರ ಮೇಲೆ ಡಾಕ್ಟರೇಟು, ಪ್ರಮೋಷನ್ನು, ವಿದೇಶ ಪ್ರವಾಸ ಎಲ್ಲ ಬಡ್ಡಿ ತಿನ್ನಬಹುದು. ಡಿಪಾಜಿಟ್ ಇಟ್ಟವನಿಗೆ ಪಾಸ್‌ಬುಕ್ ಇಲ್ಲ!

ಹಾಗಂತ ನಾನು ಸಂಶೋಧನೆಯ ವೈರಿ ಅಲ್ಲ. ಎಂ.ಕಾಂ. ಓದಿದವನು, ಅಂಕಿ-ಸಂಖ್ಯೆ ಅಂದರೆ ಪ್ರೀತಿ. ಈ ಪುಣೆಯಂತೂ ಸಂಶೋಧನೆಯ ಊರು. ಹ್ಯಾರಲ್ಡ್ ಮ್ಯಾನ್ ಇಲ್ಲಿಯ ಕೃಷಿ ಕಾಲೇಜಿನಲ್ಲಿದ್ದಾಗ ಪಿಂಪಳೆ ಸೌದಾಗರ್ ಎಂಬ ಹಳ್ಳಿಯ ಹೊಲ, ಸಾಲ, ಕೂಲಿ ಎಲ್ಲ ಲೆಕ್ಕ ಹಾಕಿ 1917ರಲ್ಲಿ ಪುಸ್ತಕ ಬರೆದ. ಈಗ ಅದೇ ಪಿಂಪಳೆ ಸೌದಾಗರದ ಅಪಾರ್ಟ್‌ಮೆಂಟುಗಳಲ್ಲಿ ನಮ್ಮ ಐಟಿ ಹುಡುಗರಿದ್ದಾರೆ. 1930ರಲ್ಲಿ ಹುಟ್ಟಿದ ಗೋಖಲೆ ಸಂಸ್ಥೆಯಿಂದ 1971ರಲ್ಲಿ ದಾಂಡೇಕರ್ ಮತ್ತು ನೀಲಕಂಠ ರಥ್ ಭಾರತದ ಬಡತನದ ಲೆಕ್ಕ ಕೊಟ್ಟರು. ಹೊಟ್ಟೆಗೆ ಎಷ್ಟು ಬಿದ್ದರೆ ಬಡವ ಅಲ್ಲ ಅನ್ನುವ ಚರ್ಚೆಗೆ ಅದು ಬುನಾದಿ ಹಾಕಿತು.

ಆರೋಗ್ಯದ ಕಡೆ ಬನ್ನಿ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಅವರ ತಂಡ 1993ರಿಂದ ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಅವರ ಮಕ್ಕಳನ್ನೂ ವರ್ಷಾನುಗಟ್ಟಲೆ ಬೆನ್ನುಹತ್ತಿ ಅಧ್ಯಯನ ಮಾಡಿದೆ. ಅಲ್ಲಿಯ ಕೂಸಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸಿನದು 3.5. ಆದರೆ ನಮ್ಮ ಕೂಸು ತೆಳ್ಳಗೆ ಕಂಡರೂ ಮೈಯಲ್ಲಿ ಕೊಬ್ಬು ಅಷ್ಟಾಗಿ ಕಡಿಮೆ ಇಲ್ಲ. ಬಸುರಿಯಲ್ಲಿ ತಪ್ಪಲು ಪಲ್ಯ, ಹಣ್ಣು, ಹಾಲು ಹೆಚ್ಚು ತಿಂದವರಿಗೆ ದೊಡ್ಡ ಕೂಸು ಹುಟ್ಟಿದ್ದೂ ಕಂಡುಬಂತು. ನಾನು ತುಂಬಿದ ಫಾರ್ಮಿನಲ್ಲಿ ‘ನಿನ್ನೆ ಏನು ಉಂಡಿರಿ’ ಎಂಬುದಕ್ಕೆ ಹೆಚ್ಚಿನವರ ಉತ್ತರ ‘ರೊಟ್ಟಿ, ಖಾರ’. ಮಾರ್ಕೆಟ್ ಯಾರ್ಡಿನ ಮಗ್ಗುಲಲ್ಲೇ ಇರುವ ಆ ಬಸುರಿಗೆ ಮೆಂತ್ಯದ ಕಟ್ಟಿನ ಈ ಮಾತು ಯಾರು ಹೇಳಬೇಕು? ಅದು 2001ರಲ್ಲೇ ಇಂಗ್ಲಿಷ್ ಜರ್ನಲ್ಲಿನಲ್ಲಿ ಅಚ್ಚಾಗಿದೆ.

ಇದು ಪುಣೆಯ ಕಥೆ ಅಂತ ಊರಲ್ಲಿರುವ ನೀವು ಪುಟ ತಿರುವಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿ ಬರೆದಿಟ್ಟ ಹೆರಿಗೆ ದಾಖಲೆ ಇತ್ತು. ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಪ್ರಕಟವಾಯಿತು. ಜಗತ್ತೇ ಓದಿತು. ಮೈಸೂರಿನಲ್ಲಿ ನಿಮ್ಮ ಓಣಿಯವರಲ್ಲಿ ಎಷ್ಟು ಜನರಿಗೆ ಗೊತ್ತು, ಕೇಳಿ ನೋಡಿ.

ಸಂಶೋಧಕರನ್ನು ಕೇಳಿದರೆ ಮೂರು ಸಬೂಬು ಹೇಳುತ್ತಾರೆ. ಮೊದಲನೆಯದು, ‘ಇಷ್ಟು ಸೂಕ್ಷ್ಮ ವಿಷಯ ಕನ್ನಡದಲ್ಲಿ ಹೇಳಲಿಕ್ಕೆ ಆಗುವುದಿಲ್ಲ.’ ಸ್ವಾಮಿ, ಪ್ರಶ್ನೆ ಕನ್ನಡದಲ್ಲಿ ಕೇಳಲಿಕ್ಕೆ ಬಂದಿತ್ತಲ್ಲ? ಇದೇ ಪುಣೆಯಲ್ಲಿ ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಮರಾಠಿಯಲ್ಲಿ ಬರೆದರು, ‘ಯುಗಾಂತ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಾ.ಚಿಂ. ಢೇರೆ ನಮ್ಮ ವಿಠ್ಠಲನ ಮೂಲವನ್ನು ದಕ್ಷಿಣದ ಕಡೆ ಹುಡುಕಿದ್ದೂ ಮರಾಠಿಯಲ್ಲೇ. ಅವರ ವಿದ್ವತ್ತು ಏನಾದರೂ ಸವೆಯಿತೇ?

ಎರಡನೆಯದು, ‘ಜನ ತಪ್ಪು ತಿಳಿದು ಗಲಾಟೆ ಮಾಡುತ್ತಾರೆ.’ ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕನ್ನಡದಲ್ಲೇ ಬರೆದ ಕಲಬುರ್ಗಿಯವರನ್ನು 2015ರಲ್ಲಿ ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಆದರೆ ಇಂಗ್ಲಿಷ್ ಏನು ರಕ್ಷೆ ಕೊಟ್ಟೀತು? 2004ರ ಜನವರಿಯಲ್ಲಿ ಭಾಂಡಾರ್ಕರ್ ಸಂಸ್ಥೆಗೆ ನುಗ್ಗಿ ಧ್ವಂಸ ಮಾಡಿದ್ದಕ್ಕೆ ನೆಪವಾದ ಪುಸ್ತಕ ಇಂಗ್ಲಿಷಿನದೇ ಆಗಿತ್ತು. ಇರಲಿ, ನಾನು ಕೇಳುತ್ತಿರುವುದು ಇತಿಹಾಸದ ವಾದ ಅಲ್ಲ. ‘ಅವ್ವ, ನಿನ್ನ ಮೈಯಲ್ಲಿ ರಕ್ತ ಕಡಿಮೆ ಇದೆ’ ಅನ್ನುವ ಒಂದು ಸಾಲು.

ಮೂರನೆಯದು, ‘ನಿಯಮದಲ್ಲಿ ಎಲ್ಲ ಇದೆ.’ ಹೌದು, ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಒಪ್ಪಿಗೆಯನ್ನು ತಿಳಿಯುವ ಭಾಷೆಯಲ್ಲೇ ಪಡೆಯಬೇಕು ಅನ್ನುತ್ತದೆ, ಓದು ಬಾರದವರ ಹೆಬ್ಬೆಟ್ಟಿಗೆ ನಿಷ್ಪಕ್ಷಪಾತಿ ಸಾಕ್ಷಿ ಬೇಕು ಅನ್ನುತ್ತದೆ. ನಿಯಮ ಕಾಗದದಲ್ಲೇ ಉಳಿದರೆ ಏನಾಗುತ್ತದೆ? ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ ಹಾಸ್ಟೆಲ್ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ತಂದೆ-ತಾಯಿಯ ಬದಲು ವಾರ್ಡನ್ನರು ಸಹಿ ಮಾಡಿದ್ದರು. 2010ರಲ್ಲಿ ಅದು ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಛೀಮಾರಿ ಹಾಕಿತು. ಲಸಿಕೆ ಕೆಟ್ಟದ್ದಲ್ಲ, ಎಷ್ಟೋ ದೇಶಗಳಲ್ಲಿ ಹಾಕುತ್ತಾರೆ. ಕೆಟ್ಟದ್ದು, ಸಹಿಗೆ ಬೆಲೆ ಇಲ್ಲದಂತೆ ಮಾಡಿದ್ದು. ಒಮ್ಮೆ ನಂಬಿಕೆ ಹೋದರೆ ಒಳ್ಳೆಯ ಲಸಿಕೆ ತಂದರೂ ಜನ ಬಾಗಿಲು ಹಾಕಿಕೊಳ್ಳುತ್ತಾರೆ.

ನಾನು ಕೇಳುವುದು ದೊಡ್ಡದೇನಲ್ಲ. ನಮ್ಮ ತೆರಿಗೆಯ ದುಡ್ಡಿನಿಂದ ನಡೆಯುವ ಪ್ರತಿ ಅಧ್ಯಯನದ ಕೊನೆಗೆ, ಯಾರನ್ನು ಕೇಳಿದರೋ ಅವರ ಭಾಷೆಯಲ್ಲಿ ನಾಲ್ಕು ಪುಟ ಬರೆಯಲಿ. ಓದು ಬಾರದವರಿಗೆ ಹೋಗಿ ಓದಿ ಹೇಳಲಿ. ರಕ್ತ ತೆಗೆದರೆ ಫಲಿತಾಂಶ ಕೈಗೆ ಕೊಡಲಿ. ಇಷ್ಟಾಗುವ ತನಕ ವಿಶ್ವವಿದ್ಯಾಲಯ ಡಿಗ್ರಿ ಕೊಡದಿರಲಿ. ಪ್ರಬಂಧಗಳನ್ನೆಲ್ಲ ‘ಶೋಧಗಂಗಾ’ದಲ್ಲಿ ಇಟ್ಟಿದ್ದೇವೆ ಅನ್ನುವವರಿಗೆ ಒಂದು ಮಾತು: ನೀರು ಕುಡಿಯಲಿಕ್ಕೆ ಇಂಗ್ಲಿಷ್ ಬರಬೇಕೆಂದರೆ ಅದು ಯಾವ ಗಂಗೆ?

ಮೊನ್ನೆ ಮತ್ತೆ ಇಬ್ಬರು ಹುಡುಗರು ಫಾರ್ಮು ಹಿಡಿದು ಬಂದಿದ್ದರು. ಚಹಾ ಕೊಟ್ಟೆ. ‘ಫಲಿತಾಂಶ ಹೇಳಲು ಯಾವ ತಾರೀಖು ಬರುತ್ತೀರಿ? ಬರೆದು ಸಹಿ ಮಾಡಿಕೊಡಿ, ನಾಳೆಯಿಂದಲೇ ಜೊತೆಗೆ ಬರುತ್ತೇನೆ’ ಅಂದೆ. ಗೈಡ್‌ರನ್ನು ಕೇಳಿ ಬರುತ್ತೇವೆ ಅಂತ ಹೋಗಿದ್ದಾರೆ. ಕಾಯುತ್ತಿದ್ದೇನೆ. ಆ ನಲವತ್ತು ಚಿಲ್ಲರೆ ಕಾಗದಗಳ ಮೇಲೆ ಇನ್ನೂ ನನ್ನ ಸಹಿ ಇದೆ.