ಗಾಳಿ ಬಂದಾಗ ತೂರಿಕೋ, ಬರದಿದ್ದಾಗ ಕೂತ್ಕೋ

ಪೋಸ್ಟ್ 1/7: ಅವನು ಮಾಡಿದ ತಪ್ಪೇನು?

"ದುಡ್ಡು ಕೊಟ್ಟಿದ್ದೀವಿ, ಹಾರಿಸ್ಲಿಲ್ಲ. ಫುಲ್ ಸ್ಕ್ಯಾಮ್."

ಈ ತಿಂಗಳು ನನ್ನ ಫೀಡ್‌ನಲ್ಲಿ ಇಂಥ ಸ್ಟೋರಿ ಮೂರು ಬಂದ್ವು. ಮೂರೂ ನಮ್ಮ ಕಾಲೇಜಿನವರದ್ದೇ. ಒಂದರಲ್ಲಂತೂ ಪ್ಯಾರಾಗ್ಲೈಡಿಂಗ್ ಪೈಲಟ್‌ನ ಮುಖ ಝೂಮ್ ಮಾಡಿ, ಪಕ್ಕದಲ್ಲಿ ಜೋಕರ್ ಎಮೋಜಿ ಬೇರೆ. ಆ ಮನುಷ್ಯ ಮಾಡಿದ ತಪ್ಪೇನು ಗೊತ್ತಾ? "ಇವತ್ತು ಗಾಳಿ ಸರಿಯಿಲ್ಲ, ಹಾರೋದು ಬೇಡ" ಅಂದಿದ್ದು. ಅಷ್ಟೇ.

ಆ ಸ್ಟೋರಿಗೆ ನಗೋ ಎಮೋಜಿ ಹಾಕಿದವರಲ್ಲಿ ಅರ್ಧ ಜನ ಈ ಪೇಜ್ ಫಾಲೋ ಮಾಡ್ತೀರ. ಅದಕ್ಕೇ ಈ ಏಳು ಪೋಸ್ಟ್, ನಿಮಗೋಸ್ಕರ.

ನಾನು ಪೈಲಟ್ ಅಲ್ಲ. ಬಿಕಾಂ ಓದ್ತಿದ್ದೀನಿ. ದಸರಾ ರಜೆಯಲ್ಲಿ ಹಿಮಾಚಲದ ಬೀರ್‌ಗೆ ಹೋಗಿದ್ದೆ. ಎರಡು ದಿನ ಕಾದು ಮೂರನೇ ದಿನ ಬೆಳಿಗ್ಗೆ ಟ್ಯಾಂಡಮ್‌ನಲ್ಲಿ, ಅಂದ್ರೆ ಪೈಲಟ್ ಜೊತೆ ಜೋಡಿಯಾಗಿ, ಹಾರಿದೆ. ಕಾದ ಆ ಎರಡು ದಿನ ಸುಮ್ನೆ ಕೂರದೆ ಅಲ್ಲಿದ್ದವರನ್ನ ಪ್ರಶ್ನೆ ಕೇಳಿ ಕೇಳಿ ತಲೆ ತಿಂದೆ. ಆಮೇಲೆ ಊರಿಗೆ ಬಂದು ಓದಿದೆ.

ನನ್ನ ವಾದ ಇಷ್ಟು: "ಇವತ್ತು ಹಾರಲ್ಲ" ಅನ್ನೋ ಪೈಲಟ್ ತನ್ನ ಕೆಲಸ ಸರಿಯಾಗಿ ಮಾಡ್ತಿದ್ದಾನೆ. ನೀವು ದುಡ್ಡು ಕೊಡೋದೇ ಆ ಮಾತು ಹೇಳೋ ತಲೆಗೆ. ಆ ಮಾತಿಗೆ ಅವನನ್ನ ಅವಮಾನ ಮಾಡಿದ್ರೆ, ನಿಮ್ಮ ನಂತರ ಬರೋ ಇನ್ಯಾರದ್ದೋ ಜೀವದ ಜೊತೆ ಆಟ ಆಡಿದ ಹಾಗೆ.

ಕೋಪ ಬಂತಾ? ಸರಿ, ಮುಂದಿನದ್ದು ಓದಿ, ಆಮೇಲೆ ಕಾಮೆಂಟ್‌ನಲ್ಲಿ ಬನ್ನಿ.

ಪೋಸ್ಟ್ 2/7: ಅದು ಬಟ್ಟೆ ಗುರು, ಬಟ್ಟೆ

ಪ್ಯಾರಾಗ್ಲೈಡರ್‌ನ ರೆಕ್ಕೆಯಲ್ಲಿ ಲೋಹದ ಚೌಕಟ್ಟು ಇಲ್ಲ. ನೈಲಾನ್ ಬಟ್ಟೆ, ಅದರಿಂದ ಇಳಿಬಿದ್ದ ತೆಳ್ಳನೆ ದಾರಗಳು. ರೆಕ್ಕೆಯ ಮುಂಭಾಗದಲ್ಲಿ ಸಾಲಾಗಿ ಬಾಯಿಗಳಿರ್ತವೆ. ಅಲ್ಲಿಂದ ನುಗ್ಗೋ ಗಾಳಿ ಒಳಗೆ ತುಂಬಿಕೊಂಡು ಬಟ್ಟೆಗೆ ರೆಕ್ಕೆಯ ಆಕಾರ ಕೊಡುತ್ತೆ. ಅಂದ್ರೆ ಆಕಾರ ಕೊಡೋದೂ ಗಾಳಿ, ಎತ್ತೋದೂ ಗಾಳಿ, ಕೆಡವೋದೂ ಗಾಳಿನೇ. ಸುಳಿಗೆ ಸಿಕ್ಕಿ ಒಂದು ಬದಿ ಮಡಚಿಕೊಂಡ್ರೆ ಆ ಬದಿಯಲ್ಲಿ ರೆಕ್ಕೆನೇ ಇಲ್ಲ ಅಂತ ಲೆಕ್ಕ. ಎತ್ತರದಲ್ಲಿದ್ರೆ ಪೈಲಟ್ ಅದನ್ನ ಮತ್ತೆ ಬಿಚ್ಚಿಸ್ತಾನೆ. ನೆಲ ಹತ್ತಿರ ಇದ್ರೆ ಅಷ್ಟು ಟೈಮ್ ಸಿಗಲ್ಲ.

ಹ್ಯಾಂಗ್ ಗ್ಲೈಡರ್ ಸ್ವಲ್ಪ ಬೇರೆ. ಅದಕ್ಕೆ ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟಿದೆ, ವೇಗ ಜಾಸ್ತಿ, ಹಾಗೆ ಮಡಚಿಕೊಳ್ಳಲ್ಲ. ಆದ್ರೂ ಗಾಳಿಯ ಮುಂದೆ ಅದೂ ಚಿಕ್ಕದೇ. ಗ್ಲೈಡರ್‌ನಲ್ಲಿ ಹಾರೋದನ್ನ ಜಗತ್ತಿಗೆ ತೋರಿಸಿಕೊಟ್ಟ ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಸುಮಾರು 2,000 ಸಲ ಹಾರಿದ್ದವರು. 1896ರ ಆಗಸ್ಟ್‌ನಲ್ಲಿ ಹಾರ್ತಿದ್ದಾಗಲೇ ಗ್ಲೈಡರ್ ಕೈಮೀರಿ ಬಿದ್ದು, ಮರುದಿನ ತೀರಿಕೊಂಡರು. ಅನುಭವಕ್ಕೇನೂ ಕಮ್ಮಿ ಇರಲಿಲ್ಲ.

ಈಗ ಒಂದು ಸಣ್ಣ ಲೆಕ್ಕ. ಪ್ಯಾರಾಗ್ಲೈಡರ್‌ನ ಸಾಮಾನ್ಯ ವೇಗ ಗಂಟೆಗೆ 35ರಿಂದ 40 ಕಿ.ಮೀ. ಎದುರುಗಾಳಿಯೂ ಅಷ್ಟೇ ಇದ್ರೆ ನೀವು ನಿಂತಲ್ಲೇ ನಿಲ್ತೀರ. ಅದಕ್ಕಿಂತ ಜೋರಾದ್ರೆ ಹಿಂದಕ್ಕೆ ಹೋಗ್ತೀರ, ಗುಡ್ಡದ ಆ ಬದಿಗೆ. ಹೊಳೆಯಲ್ಲಿ ಬಂಡೆ ದಾಟಿದ ನೀರು ಹೇಗೆ ಸುಳಿ ಸುತ್ತುತ್ತೋ, ಗುಡ್ಡ ದಾಟಿದ ಗಾಳಿಯೂ ಹಾಗೇ ಸುತ್ತುತ್ತೆ. ಬಟ್ಟೆಯ ರೆಕ್ಕೆ ಹೋಗಬಾರದ ಜಾಗ ಅದು.

ಇನ್ನೊಂದು: ಗಾಳಿಯ ವೇಗ 15ರಿಂದ 30 ಆದ್ರೆ ಅದರ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. "ಸ್ವಲ್ಪ ಜೋರಾಗಿದೆ ಅಷ್ಟೇ ಅಲ್ವಾ ಭಯ್ಯಾ" ಅಂತ ರಾಗ ಎಳೆಯೋ ಮುಂಚೆ ಈ ಗುಣಾಕಾರ ನೆನಪಿರಲಿ.

ಪೋಸ್ಟ್ 3/7: "ಆಪ್‌ನಲ್ಲಿ ಬಿಸಿಲು ತೋರಿಸ್ತಿದೆಯಲ್ಲ?"

ಇದು ಎಲ್ಲರೂ ಹೇಳೋ ಡೈಲಾಗ್. ಮಳೆ ಇಲ್ಲ, ಮೋಡ ಇಲ್ಲ, ಮತ್ಯಾಕೆ ಕ್ಯಾನ್ಸಲ್?

ಬಿಸಿಲು ಇದೆ ಅನ್ನೋದೇ ಕೆಲವು ಸಲ ಕಾರಣ. ಬಿಸಿಲಿಗೆ ನೆಲ ಎಲ್ಲಾ ಕಡೆ ಒಂದೇ ಥರ ಕಾಯಲ್ಲ. ಬಂಡೆ ಬೇಗ ಕಾಯುತ್ತೆ, ಕಾಡು ನಿಧಾನ. ಕಾದ ಕಡೆಯಿಂದ ಬಿಸಿಗಾಳಿ ಕಂಬದ ಹಾಗೆ ಮೇಲೇಳುತ್ತೆ, ಅದರ ಅಕ್ಕಪಕ್ಕ ತಣ್ಣನೆ ಗಾಳಿ ಕೆಳಗಿಳಿಯುತ್ತೆ. ಇದಕ್ಕೇ ಥರ್ಮಲ್ ಅನ್ನೋದು. ಪಳಗಿದ ಪೈಲಟ್‌ಗಳು ಇದನ್ನೇ ಹಿಡಿದು ಸುತ್ತುತ್ತಾ ಮೇಲೇರಿ ಗಂಟೆಗಟ್ಟಲೆ ಹಾರ್ತಾರೆ. ಆದ್ರೆ ಮಧ್ಯಾಹ್ನ ಇದು ಕುದಿಯೋ ಸಾರಿನ ಪಾತ್ರೆ ಥರ ಆಗುತ್ತೆ. ಮೊದಲ ಸಲ ಹಾರೋ ನಮ್ಮಂಥವರಿಗೆ ಬೆಳಗ್ಗೆ ಅಥವಾ ಸಂಜೆಯ ಸಮಾಧಾನದ ಗಾಳಿನೇ ಸರಿ.

ಬೀರ್ ಬಿಲ್ಲಿಂಗ್ ಅಂತ ಒಟ್ಟಿಗೆ ಹೇಳ್ತೀವಲ್ಲ, ಅವು ಎರಡು ಜಾಗ. ಹಾರೋದು ಬಿಲ್ಲಿಂಗ್‌ನಿಂದ, ಸುಮಾರು 2,400 ಮೀಟರ್ ಎತ್ತರ. ಇಳಿಯೋದು ಬೀರ್‌ನಲ್ಲಿ, ಹತ್ತಿರ ಹತ್ತಿರ ಸಾವಿರ ಮೀಟರ್ ಕೆಳಗೆ. ಬೆನ್ನಿಗೆ ಧೌಲಾಧಾರ್ ಬೆಟ್ಟಸಾಲು. ಕೆಳಗೆ ಕೆಫೆಯಲ್ಲಿ ಕೂತಾಗ ಎಲೆಯೂ ಅಲ್ಲಾಡ್ತಿರಲ್ಲ, ಮೇಲೆ ಗಾಳಿ ಅಡ್ಡ ಹೊಡೀತಿರುತ್ತೆ. ನಿಮ್ಮ ಫೋನ್ ಹೇಳೋದು ಊರಿನ ಹವಾಮಾನ. ಹಾರೋ ಅಂಚಿನಲ್ಲಿ ಈ ಕ್ಷಣ ಗಾಳಿ ಯಾವ ದಿಕ್ಕಿಗಿದೆ ಅಂತ ಅದಕ್ಕೆ ಗೊತ್ತಿಲ್ಲ.

ಪೈಲಟ್ ನೋಡೋದು ಕಂಬಕ್ಕೆ ಕಟ್ಟಿದ ಗಾಳಿಚೀಲವನ್ನ, ಹುಲ್ಲು ಬಾಗೋದನ್ನ, ರಣಹದ್ದು ಎಲ್ಲಿ ಸುತ್ತುತ್ತಿದೆ ಅನ್ನೋದನ್ನ, ಮೋಡದ ತಲೆ ಎಷ್ಟು ಬೇಗ ಉಬ್ಬುತ್ತಿದೆ ಅನ್ನೋದನ್ನ. ಸುಮ್ನೆ ಆಕಾಶ ನೋಡ್ಕೊಂಡು ನಿಂತಿದ್ದಾನೆ ಅಂತ ನಿಮಗೆ ಅನ್ಸುತ್ತೆ. ಅವನು ಆಗ ಕೆಲಸ ಮಾಡ್ತಿರ್ತಾನೆ.

"ಮತ್ತೆ ಆ ಇನ್ನೊಂದು ಗ್ರೂಪ್ ಹಾರಿತಲ್ಲ?" ಹಾರಿರಬಹುದು. ಬೆಟ್ಟದಲ್ಲಿ ಅರ್ಧ ಗಂಟೆ ಅಂದ್ರೆ ಬೇರೆಯದೇ ಹವಾಮಾನ. ಅಥವಾ ಅವರನ್ನ ಹಾರಿಸಿದವನಿಗೆ ಬೇಡ ಅನ್ನೋ ಧೈರ್ಯ ಇರಲಿಲ್ಲ.

ಪೋಸ್ಟ್ 4/7: ಚಾಂಪಿಯನ್‌ಗಳೂ ನೆಲದ ಮೇಲೆ ಕೂರ್ತಾರೆ

2007ರ ಫೆಬ್ರವರಿ 14. ಆಸ್ಟ್ರೇಲಿಯಾದ ಮನಿಲ್ಲಾ ಊರಿನ ಹತ್ತಿರ ವಿಶ್ವ ಚಾಂಪಿಯನ್‌ಶಿಪ್‌ಗೆ ತಯಾರಿ ನಡೀತಿತ್ತು. ಜರ್ಮನ್ ತಂಡದ ಎವಾ ವಿಶ್ನಿಯೆರ್ಸ್ಕಾ ಗುಡುಗು ಮೋಡದ ಸೆಳೆತಕ್ಕೆ ಸಿಕ್ಕಿಬಿದ್ದರು. ಅದು ಅವರನ್ನ ಎಳೆದುಕೊಂಡು ಹೋಗಿದ್ದು 9,900 ಮೀಟರ್‌ಗೂ ಮೇಲಕ್ಕೆ. ಎವರೆಸ್ಟ್‌ಗಿಂತ ಎತ್ತರ, ಪ್ರಯಾಣಿಕರ ವಿಮಾನ ಹಾರೋ ಎತ್ತರ. ಆಕ್ಸಿಜನ್ ಸಾಲದೆ ಪ್ರಜ್ಞೆ ತಪ್ಪಿತು, ಮೈಮೇಲೆ ಮಂಜುಗಡ್ಡೆ ಕಟ್ಟಿತು. ಗ್ಲೈಡರ್ ತನ್ನಷ್ಟಕ್ಕೆ ತಾನೇ ಕೆಳಗೆ ಬಂತು, ಪ್ರಜ್ಞೆ ಮರಳಿತು, ಬದುಕಿದರು. ಅದೇ ದಿನ ಅದೇ ಬಿರುಗಾಳಿಗೆ ಸಿಕ್ಕ ಚೀನಾದ ಹೆ ಝೊಂಗ್‌ಪಿನ್ ಬದುಕಲಿಲ್ಲ.

ಇವರಿಬ್ಬರೂ ರೀಲ್ಸ್‌ಗೋಸ್ಕರ ಹೋದವರಲ್ಲ. ಜಗತ್ತಿನ ಆಯ್ದ ಪೈಲಟ್‌ಗಳು. ಮೋಡಕ್ಕೆ ನಿಮ್ಮ ರ‍್ಯಾಂಕಿಂಗ್ ಗೊತ್ತಾಗಲ್ಲ, ನಿಮ್ಮ ಬುಕಿಂಗ್ ಐಡಿಯೂ ಗೊತ್ತಾಗಲ್ಲ.

ಅದಕ್ಕೇ ದೊಡ್ಡ ಸ್ಪರ್ಧೆಗಳಲ್ಲೂ ಹವಾಮಾನ ಕೆಟ್ಟರೆ ಅವತ್ತಿನ ಟಾಸ್ಕ್ ಕ್ಯಾನ್ಸಲ್ ಮಾಡ್ತಾರೆ. ಹಾರೋಕೆ ಶುರು ಮಾಡಿದ ಮೇಲೂ ನಿಲ್ಲಿಸ್ತಾರೆ. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಮ್ಮ ಬೀರ್ ಬಿಲ್ಲಿಂಗ್‌ನಲ್ಲೇ ನಡೆದಿತ್ತು. ಅಂಥ ಕೂಟಗಳಿಗೆ ಸಮುದ್ರ ದಾಟಿ, ಲಕ್ಷಗಟ್ಟಲೆ ಖರ್ಚು ಮಾಡಿಕೊಂಡು ಬರೋರಿಗೂ ಇದೇ ನಿಯಮ. ಗಾಳಿ ಬೇಡ ಅಂದ್ರೆ ರೆಕ್ಕೆ ಮಡಚಿ ಬ್ಯಾಗಿಗೆ ತುಂಬಿಕೊಂಡು ಕೆಳಗಿಳೀಬೇಕು.

ಪೈಲಟ್‌ಗಳಲ್ಲಿ ಹಳೇ ಮಾತೊಂದಿದೆ. "ಅಯ್ಯೋ, ಮೇಲಿರಬೇಕಿತ್ತು" ಅಂತ ನೆಲದ ಮೇಲೆ ನಿಂತು ಹೊಟ್ಟೆ ಉರ್ಕೊಳ್ಳೋದು, "ಅಯ್ಯೋ, ಕೆಳಗಿರಬೇಕಿತ್ತು" ಅಂತ ಮೇಲೆ ಹೋಗಿ ಅಳೋದಕ್ಕಿಂತ ಎಷ್ಟೋ ವಾಸಿ.

ಪೋಸ್ಟ್ 5/7: ಈಗ ಬಿಕಾಂ ಲೆಕ್ಕಕ್ಕೆ ಬರೋಣ

ನನ್ನ ಕ್ಲಾಸ್‌ನವರೇ, ಇದು ನಿಮಗೆ.

"ಅಷ್ಟು ದೂರದಿಂದ ಬಂದಿದ್ದೀವಿ" ಅಂತೀರ. ಬೆಂಗಳೂರಿಂದ ದೆಹಲಿಗೆ ರೈಲಲ್ಲಿ ಎರಡು ರಾತ್ರಿ, ಅಲ್ಲಿಂದ ಇನ್ನೊಂದು ರಾತ್ರಿ ಬಸ್ಸು. ಹೌದು, ನನ್ನ ಬೆನ್ನಿಗೂ ಗೊತ್ತು. ಆದ್ರೆ ಆ ಖರ್ಚಿಗೆ ಏನು ಹೆಸರು? ಸಂಕ್ ಕಾಸ್ಟ್. ಹಾರಿದ್ರೂ ವಾಪಸ್ ಬರಲ್ಲ, ಹಾರದಿದ್ರೂ ವಾಪಸ್ ಬರಲ್ಲ. ಮುಂದಿನ ತೀರ್ಮಾನದಲ್ಲಿ ಅದನ್ನ ಸೇರಿಸಬಾರದು ಅಂತ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀರ. ಬೆಟ್ಟದ ತುದಿಯಲ್ಲಿ ನಿಂತಾಗ ಮಾತ್ರ ಅದೇ ಮರೆತುಹೋಗುತ್ತಾ?

ಎರಡನೇ ಲೆಕ್ಕ ಪೈಲಟ್‌ದು. ಹಾರಿದ ರೌಂಡಿನ ಲೆಕ್ಕದಲ್ಲಿ ದುಡ್ಡು ಸಿಗೋ ಪೈಲಟ್‌ಗೆ, ಹಾರದ ದಿನದ ಸಂಪಾದನೆ ಸೊನ್ನೆ. ಅವನಿಗೂ ಮನೆ ಬಾಡಿಗೆ ಇದೆ, ಮಕ್ಕಳ ಫೀಸ್ ಇದೆ. ಸೀಸನ್ ಅಂದ್ರೆ ವರ್ಷದಲ್ಲಿ ಕೆಲವೇ ತಿಂಗಳು. ಅಂಥವನು "ಇವತ್ತು ಬೇಡ" ಅಂದಾಗ ಮೊದಲು ನಷ್ಟ ಆಗೋದು ಅವನಿಗೆ. ನಿಮ್ಮನ್ನ ಹಾರಿಸಿಬಿಟ್ಟಿದ್ರೆ ಅವನ ಜೇಬಿಗೆ ಲಾಭವೇ ಇತ್ತು. ತನ್ನ ದುಡಿಮೆ ಬಿಟ್ಟು ನಿಮ್ಮ ಜೀವ ಉಳಿಸೋನಿಗೆ ಸ್ಕ್ಯಾಮರ್ ಅಂತೀರಲ್ಲ, ಯಾವ ಸ್ಕ್ಯಾಮರ್ ಸ್ವಾಮಿ ತನಗೇ ನಷ್ಟ ಮಾಡ್ಕೊಳ್ಳೋದು?

ಮೂರನೇದು, ನಿಮ್ಮ ರೇಟಿಂಗ್. ಒಂದು ಸ್ಟಾರ್ ಕೊಟ್ಟು, ಕಂಪನಿಯನ್ನ ಟ್ಯಾಗ್ ಮಾಡಿ ಬೈದ್ರೆ ಮಾಲೀಕ ಏನು ಕಲೀತಾನೆ? ಕ್ಯಾನ್ಸಲ್ ಮಾಡಿದ್ರೆ ಗಿರಾಕಿ ಹೋಗ್ತಾರೆ ಅಂತ. ಮುಂದಿನ ಸಲ ಪೈಲಟ್ ಹಿಂದೆ ಮುಂದೆ ನೋಡ್ತಿದ್ರೆ "ಏನಾಗಲ್ಲ, ಹಾರಿಸು" ಅಂತಾನೆ. ಆವತ್ತು ಆ ಸೀಟಲ್ಲಿ ನೀವಿರಲ್ಲ. ನಿಮ್ಮ ರೀಲ್ ನೋಡಿ ಆಸೆಪಟ್ಟು ಹೋದ ನಿಮ್ಮ ಜೂನಿಯರ್ ಇರ್ತಾನೆ.

ಪೋಸ್ಟ್ 6/7: ಹಾಗಾದ್ರೆ ಮೋಸ ಇಲ್ವೇ ಇಲ್ವಾ? ಇದೆ.

ಕಾಮೆಂಟ್‌ನಲ್ಲಿ ಒಬ್ಬರು ಕೇಳಿದ್ರು: "ಕಂಪನಿಯವರ ಪರ ಮಾತಾಡೋಕೆ ನಿಂಗೆ ಎಷ್ಟು ಕೊಟ್ರು?" ಒಂದು ಟೀ ಕೂಡ ಕೊಟ್ಟಿಲ್ಲ.

ಜಗಳ ಬೇಡ ಅಂತ ನಾನು ಹೇಳ್ತಿಲ್ಲ. ಸರಿಯಾದ ವಿಷಯಕ್ಕೆ ಜಗಳ ಆಡಿ ಅಂತಿದ್ದೀನಿ. ಹವಾಮಾನಕ್ಕೆ ಕ್ಯಾನ್ಸಲ್ ಮಾಡಿ, ದುಡ್ಡೂ ವಾಪಸ್ ಕೊಡದೆ, ಬೇರೆ ದಿನಾನೂ ಕೊಡದೆ ಫೋನ್ ಸ್ವಿಚ್ ಆಫ್ ಮಾಡ್ಕೊಂಡ್ರೆ, ಅದು ಮೋಸ. ಅಲ್ಲಿ ಬಿಡಬೇಡಿ. ಬುಕ್ ಮಾಡಿದ ಮೆಸೇಜ್, ಯುಪಿಐ ರಸೀದಿ ಇಟ್ಕೊಂಡು ಗ್ರಾಹಕರ ವೇದಿಕೆಗೇ ಹೋಗಿ. ಆದ್ರೆ ಆ ಕೋಪವನ್ನ ಗಾಳಿ ನೋಡಿ ಬೇಡ ಅಂದ ಪೈಲಟ್ ತಲೆಗೆ ಕಟ್ಟಬೇಡಿ.

ಅಡ್ವಾನ್ಸ್ ಕಳಿಸೋ ಮುಂಚೆ ಇಷ್ಟು ಕೇಳಿ. ಉತ್ತರ ವಾಟ್ಸಾಪ್‌ನಲ್ಲಿ ಬರಹದಲ್ಲೇ ಇರಲಿ:

1. ಹವಾಮಾನಕ್ಕೆ ರದ್ದಾದ್ರೆ ಪೂರ್ತಿ ದುಡ್ಡು ವಾಪಸ್ಸಾ, ಬೇರೆ ದಿನಾನಾ?
2. ಹಾರೋದು ಬಿಡೋದು ತೀರ್ಮಾನ ಮಾಡೋದು ಪೈಲಟ್ಟಾ, ಆಫೀಸಲ್ಲಿ ಕೂತೋರಾ?
3. ಪೈಲಟ್‌ಗೆ ಟ್ಯಾಂಡಮ್ ಹಾರಿಸೋ ಪರವಾನಗಿ ಇದೆಯಾ? ಕಂಪನಿ ನೋಂದಣಿ ಆಗಿದೆಯಾ?
4. ಹೆಲ್ಮೆಟ್ ಮತ್ತು ರಿಸರ್ವ್ ಪ್ಯಾರಾಶೂಟ್ ಇದೆಯಾ? ಇನ್ಶೂರೆನ್ಸ್?

"ಏನೇ ಆಗ್ಲಿ ಗ್ಯಾರಂಟಿ ಹಾರಿಸ್ತೀವಿ ಸರ್" ಅಂತ ಯಾರಾದ್ರೂ ಅಂದ್ರೆ, ಅಲ್ಲೇ ಬೇಡ ಅನ್ನಿ. ಗಾಳಿಗೆ ಗ್ಯಾರಂಟಿ ಕೊಡೋನು ಒಂದೋ ಸುಳ್ಳು ಹೇಳ್ತಿದ್ದಾನೆ, ಇಲ್ಲಾ ನಿಮ್ಮ ಜೀವ ಅವನಿಗೆ ಲೆಕ್ಕಕ್ಕಿಲ್ಲ.

ನಿಮ್ಮ ಕಡೆಯಿಂದಲೂ ಒಂದು ಕೆಲಸ ಇದೆ: ಪ್ಲಾನ್‌ನಲ್ಲಿ ಎರಡು ದಿನ ಖಾಲಿ ಬಿಡಿ. ಶನಿವಾರ ಬೆಳಿಗ್ಗೆ ಬಂದು, ಹಾರಿ, ಸಂಜೆ ಬಸ್ ಹತ್ತೋ ಪ್ಲಾನ್ ಹಾಕಿದ್ದು ನೀವು, ಗಾಳಿ ಅಲ್ಲ. ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಹಿಮಾಚಲದಲ್ಲಿ ಮಳೆಗಾಲಕ್ಕೆ ಅಂತ ಪ್ಯಾರಾಗ್ಲೈಡಿಂಗ್ ನಿಷೇಧ ಇರುತ್ತೆ. ಆ ಟೈಮಲ್ಲಿ ಕಡಿಮೆ ರೇಟಿಗೆ ಯಾರಾದ್ರೂ ಕರೆದ್ರೆ ಯಾಕೆ ಅಂತ ನಿಮಗೇ ಅರ್ಥ ಆಗಬೇಕು.

ಪೋಸ್ಟ್ 7/7: ಗಾದೆ ಅರ್ಧ ಓದಬೇಡಿ

"ಗಾಳಿ ಬಂದಾಗ ತೂರಿಕೋ." ಚಾನ್ಸ್ ಸಿಕ್ಕಾಗ ಬಿಡಬೇಡ ಅಂತ ನಾವು ಅರ್ಥ ಮಾಡ್ಕೊಂಡಿದ್ದೀವಿ. ಕಣದಲ್ಲಿ ರಾಗಿ ತೂರಿದವರನ್ನ ಕೇಳಿ ನೋಡಿ. ಅವರು ಎಂಥ ಗಾಳಿಗೂ ಮೊರ ಎತ್ತಲ್ಲ. ಗಾಳಿ ಇಲ್ಲದಿದ್ರೆ ಹೊಟ್ಟು ಹೋಗಲ್ಲ. ಬಿರುಗಾಳಿ ಬಂದ್ರೆ ಹೊಟ್ಟಿನ ಜೊತೆ ಕಾಳೂ ಹಾರಿಹೋಗುತ್ತೆ. ಒಂದೇ ದಿಕ್ಕಿಗೆ ಹದವಾಗಿ ಬೀಸೋ ಗಾಳಿಗೆ ಕಾಯ್ತಾರೆ, ಬರದಿದ್ರೆ ರಾಶಿ ಮುಚ್ಚಿಟ್ಟು ಕೂರ್ತಾರೆ. ಆ ಗಾದೆಯಲ್ಲಿ ತೂರೋದು ಎಷ್ಟಿದೆಯೋ ಕಾಯೋದೂ ಅಷ್ಟೇ ಇದೆ.

ನಮ್ಮ ಕರಾವಳಿ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯಲ್ಲ. ಮೀನು ಮರಿ ಮಾಡೋ ಕಾಲ, ಕಡಲೂ ಮುನಿದಿರುತ್ತೆ. ಹೊಟ್ಟೆಪಾಡಿಗೆ ಹೋಗೋರೇ ಎರಡು ತಿಂಗಳು ದೋಣಿ ದಡಕ್ಕೆ ಕಟ್ಟಿ ಕಾಯ್ತಾರೆ. ನಾವು ಹೋಗ್ತಿರೋದು ಶೋಕಿಗೆ. ನಮಗೆ ಎರಡು ದಿನ ಕಾಯೋಕೆ ಆಗಲ್ವಾ?

ಎಲ್ಲವೂ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಬರುತ್ತೆ ಅನ್ನೋ ಅಭ್ಯಾಸ ನಮಗೆ. ಬರದಿದ್ರೆ ರೀಫಂಡ್, ರೀಫಂಡ್ ತಡವಾದ್ರೆ ಒಂದು ಸ್ಟಾರ್. ಗಾಳಿ ಆ ಅಭ್ಯಾಸಕ್ಕೆ ಬಗ್ಗಲ್ಲ. ಪ್ಯಾರಾಗ್ಲೈಡಿಂಗ್‌ಗೆ ಹೋಗೋದು ಅಂದ್ರೆ ಹವಾಮಾನದ ಮುಂದೆ ಅರ್ಜಿ ಹಾಕಿ ಕಾದ ಹಾಗೆ. ಒಪ್ಪಿಗೆ ಇದ್ರೆ ಹೋಗಿ, ಇಲ್ಲಾಂದ್ರೆ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿ. ಅದರಲ್ಲಿ ನಾಚಿಕೆ ಏನಿಲ್ಲ.

ಕೊನೆಯದಾಗಿ ಮೂರು ವಿನಂತಿ.

ಆ ಪೈಲಟ್‌ನ ಮುಖ ಹಾಕಿರೋ ಹೈಲೈಟ್ ಡಿಲೀಟ್ ಮಾಡಿ. ಅವನ ಮಕ್ಕಳೂ ಇನ್‌ಸ್ಟಾಗ್ರಾಂನಲ್ಲಿರ್ತಾರೆ.

ಹವಾಮಾನ ನೋಡಿ ರದ್ದು ಮಾಡಿ, ನಿಯತ್ತಾಗಿ ದುಡ್ಡು ವಾಪಸ್ ಕೊಟ್ಟವರಿಗೆ ಐದು ಸ್ಟಾರ್ ಕೊಡಿ. ಕಾರಣವನ್ನೂ ಬರೀರಿ: "ಗಾಳಿ ಸರಿಯಿರಲಿಲ್ಲ, ಹಾರಿಸಲಿಲ್ಲ, ಅದಕ್ಕೇ ಇವರನ್ನ ನಂಬಬಹುದು."

ಮುಂದಿನ ಸಲ ಬೆಟ್ಟದ ಮೇಲೆ ಯಾರಾದ್ರೂ ನಿಮಗೆ "ಇವತ್ತು ಬೇಡ" ಅಂದ್ರೆ, "ಸರಿ ಭಯ್ಯಾ, ಥ್ಯಾಂಕ್ಸ್" ಅಂದು ಕೆಳಗಿಳಿದು ಚಹಾ ಕುಡೀರಿ.

ಒಪ್ಪದಿದ್ರೆ ಕಾಮೆಂಟ್ ಮಾಡಿ, ವಾದ ಮಾಡೋಣ. ಒಪ್ಪಿದ್ರೆ, ಟ್ರಿಪ್ ಪ್ಲಾನ್ ಮಾಡ್ತಿರೋ ನಿಮ್ಮ ಗ್ರೂಪಿಗೆ ಕಳಿಸಿ.

#ಗಾಳಿಬಂದಾಗತೂರಿಕೋ #ಇವತ್ತುಬೇಡ #ಪ್ಯಾರಾಗ್ಲೈಡಿಂಗ್ #ಬೀರ್ಬಿಲ್ಲಿಂಗ್ #ಬಿಕಾಂಹುಡುಗರು