ಗರಗಸದ ಎಣ್ಣೆಯಲ್ಲಿ ಉಳಿತಾಯ ಬೇಡ

ಮಳೆಗಾಲದ ಗಾಳಿಗೆ ತೋಟದಲ್ಲಿ ಮರ ಉರುಳುವುದು ಮಲೆನಾಡಿಗೆ ಹೊಸದಲ್ಲ. ಕಾಫಿ ಗಿಡಗಳ ಮೇಲೆ ಬಿದ್ದ ಸಿಲ್ವರ್ ಓಕನ್ನು ತೆರವು ಮಾಡಲು ಅನೇಕ ಬೆಳೆಗಾರರು ಈಗ ಚೈನ್‌ಸಾ ಇಟ್ಟುಕೊಂಡಿದ್ದಾರೆ. ಆದರೆ ಅದರ ಚೈನಿಗೆ ಎಣ್ಣೆ ಹೋಗುತ್ತಿದೆಯೇ ಎಂದು ನೋಡುವವರು ವಿರಳ. ಬಾರ್ ಕಾದು ನೀಲಿಗಟ್ಟಿದ ಮೇಲೆ ಮಿಷನ್ನನ್ನೇ ದೂರುವುದು ವಾಡಿಕೆಯಾಗಿದೆ. ಇದು ಸರಿಯಲ್ಲವೆಂದು ಸದಸ್ಯ ಬಾಂಧವರ ಗಮನಕ್ಕೆ ತರಬಯಸುತ್ತೇವೆ.

ಎಣ್ಣೆಯ ವ್ಯವಸ್ಥೆ ಸರಳವಾದುದು. ಟ್ಯಾಂಕಿನೊಳಗೆ ಒಂದು ಫಿಲ್ಟರ್, ಅಲ್ಲಿಂದ ರಬ್ಬರ್ ನಳಿಗೆ, ಬಳಿಕ ಸಣ್ಣ ಪಂಪು. ಪಂಪಿನಿಂದ ಹೊರಟ ಎಣ್ಣೆ ಬಾರಿನ ರಂಧ್ರದ ಮೂಲಕ ಅದರ ಕಾಲುವೆಗೆ ಇಳಿದು ಚೈನನ್ನು ಸೇರುತ್ತದೆ. ಪೆಟ್ರೋಲ್ ಒಂದು ಟ್ಯಾಂಕ್ ಮುಗಿಯುವಾಗ ಎಣ್ಣೆಯೂ ಬಹುಪಾಲು ಮುಗಿದಿರಬೇಕು. ಉಳಿದಿದ್ದರೆ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ. ಬಾರಿನ ತುದಿಯನ್ನು ಬಿಳಿ ಕಾಗದದಿಂದ ಗೇಣು ದೂರ ಹಿಡಿದು ಎಂಜಿನ್ ಏರಿಸಿದರೆ ಎಣ್ಣೆಯ ಗೆರೆ ಮೂಡಬೇಕು.

ಮೂಡದಿದ್ದರೆ ಕೂಡಲೇ ಪಂಪು ಬದಲಿಸಲು ಹೊರಡಬೇಡಿ. ಎಂಜಿನ್ ನಿಲ್ಲಿಸಿ, ಪ್ಲಗ್ಗಿನ ಟೋಪಿ ತೆಗೆದು, ಬಾರನ್ನು ಬಿಚ್ಚಿರಿ. ಅದರ ರಂಧ್ರವನ್ನೂ ಕಾಲುವೆಯನ್ನೂ ತಂತಿಯಿಂದ ಕೆರೆದು ಶುಚಿಮಾಡಿ. ಅಡಿಕೆ ಮರ ಕೊಯ್ದಾಗ ನಾರು ಇಲ್ಲಿ ಬೇಗ ಕಟ್ಟುತ್ತದೆ. ನಂತರ ಫಿಲ್ಟರ್, ಬಿರುಕು ಬಿಟ್ಟ ನಳಿಗೆ, ಟ್ಯಾಂಕಿಗೆ ಗಾಳಿ ಬಿಡುವ ಕಿಂಡಿ, ಹೀಗೆ ಒಂದೊಂದಾಗಿ ನೋಡಿ. ಪಂಪು ಮತ್ತು ಅದನ್ನು ತಿರುಗಿಸುವ ಗೇರಿನ ಸರದಿ ಕಡೆಯದು. ಅದಕ್ಕಾಗಿ ಕ್ಲಚ್ ತೆಗೆಯುವಾಗ ಎಚ್ಚರವಿರಲಿ: ಬಹಳಷ್ಟು ಮಿಷನ್‌ಗಳಲ್ಲಿ ಅದರ ಮರೆ ಎಡಸುತ್ತಿನದು.

ಇನ್ನು ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆಯನ್ನೇ ಸುರಿಯುವ ಅಭ್ಯಾಸ. ಅದರಲ್ಲಿರುವ ಲೋಹದ ಕಣಗಳು ಪಂಪನ್ನು ಸವೆಸುತ್ತವೆ. ಚೈನಿಗೂ ಅದು ಸರಿಯಾಗಿ ಅಂಟುವುದಿಲ್ಲ. ಕೊಯ್ಯುವವನ ಕೈಮುಖಕ್ಕೆ ಸಿಡಿಯುತ್ತದೆ; ದೀರ್ಘಕಾಲ ಮೈಗೆ ತಾಗಿದರೆ ಚರ್ಮದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಉಳಿದದ್ದು ನಮ್ಮ ಗಿಡದ ಬುಡಕ್ಕೇ ಬೀಳುತ್ತದೆ. ಇದನ್ನು ಉಳಿತಾಯವೆಂದು ಕರೆಯಲು ನಾವು ಸಿದ್ಧರಿಲ್ಲ.

ಒಣಗಿದ ಚೈನ್ ಕಾದು ಹಿಗ್ಗಿ ಸಡಿಲವಾಗುತ್ತದೆ, ಬಾರಿನಿಂದ ಹಾರಬಹುದು, ತುಂಡಾಗಲೂಬಹುದು. ಆಗ ಅದರೆದುರು ನಿಂತಿರುವವನು ಸಾಮಾನ್ಯವಾಗಿ ಮಾಲೀಕನಲ್ಲ, ದಿನಗೂಲಿಯ ಆಳು. ಆದ್ದರಿಂದ ಎಣ್ಣೆ ಪರೀಕ್ಷಿಸುವ ಹೊಣೆಯನ್ನು ಅವನ ತಲೆಗೆ ಕಟ್ಟದೆ ಮಾಲೀಕರೇ ಹೊರಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಸಂಘಕ್ಕೂ ಇಲ್ಲಿ ಕೆಲಸವಿದೆ. ಗೊಬ್ಬರ, ಮೈಲುತುತ್ತದ ಜೊತೆಗೆ ಬಾರ್ ಎಣ್ಣೆ, ಫಿಲ್ಟರ್, ನಳಿಗೆಗಳೂ ಮಳಿಗೆಯಲ್ಲಿ ದೊರೆಯಲಿ. ಪ್ರತಿವರ್ಷ ಮಳೆ ಹಿಡಿಯುವ ಮುನ್ನ ಅರ್ಧ ದಿನದ ರಿಪೇರಿ ಪ್ರಾತ್ಯಕ್ಷಿಕೆ ನಡೆಯಲಿ. ಅದಕ್ಕೆ ಮಾಲೀಕರೊಡನೆ ಮಿಷನ್ ಹಿಡಿಯುವ ಆಳುಗಳೂ ಬರಲಿ. ಮುಂದಿನ ಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಎತ್ತಬೇಕೆಂದು ಕೋರುತ್ತೇವೆ.