ಕತ್ತಿ ಹಿಡಿದು ನೋಡಿರಿ, ಆಮೇಲೆ ನಗಿರಿ

ಎರಡು ವರ್ಷದ ಹಿಂದೆ ನಾನು ಉಕ್ಕಿನ ಕತ್ತಿಯಿಂದ ನನ್ನ ಗಡ್ಡ ನಾನೇ ಮಾಡಿಕೊಳ್ಳಲು ಕಲಿಯತೊಡಗಿದೆ. ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಅದಕ್ಕೆ ಮರಾಠಿಯವರ ಹಾಂಗ ವಸ್ತರಾ ಅಂತೀವಿ. ಕೊಯ್ದ ಮೂರು ಕಡೆ ಪಟಕ ತಿಕ್ಕಿಕೊಂಡು ವಾಚನಾಲಯಕ್ಕೆ ಬಂದರೆ ಕಟ್ಟೆಯ ಮೇಲೆ ಕೂತವರು ನಕ್ಕರು. "ಏನ್ರಿ ಮಾಸ್ತರ, ಪೆನ್ಶನ್ ಸಾಲವಲ್ದೇನು? ಹಜಾಮತಿ ಸುರು ಮಾಡೀರಲ್ಲ!" ನನ್ನ ಗಾಯಕ್ಕೆ ನಕ್ಕಿದ್ದರೆ ನಾನೂ ಕೂಡಿ ನಗುತ್ತಿದ್ದೆ. ಅವರು ನಕ್ಕದ್ದು ಕೆಲಸಕ್ಕೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ, ಇಲ್ಲವಾದರೆ ಬೇರೆಯವರಿಗೆ ಹೇಳುವ ಹಕ್ಕು ನನಗಿಲ್ಲ. ಮೂವತ್ತೊಂದು ವರ್ಷ ಕನ್ನಡ ಸಾಲಿ ಮಾಸ್ತರನಾಗಿದ್ದೆ. ಲೆಕ್ಕ ತಪ್ಪಿದವರಿಗೆ ನಾನು ಹೇಳುತ್ತಿದ್ದ ಮಾತು ಒಂದೇ: "ಓದ್ರಲೇ, ಇಲ್ಲಂದ್ರ ಮಂದಿ ಗಡ್ಡ ಕೆರಿಯಾಕ ಹೋಗಬೇಕಾಗತದ." ವರ್ಗವೆಲ್ಲ ನಗುತ್ತಿತ್ತು. ಮೂರನೇ ಸಾಲಿನಲ್ಲಿ ಹಡಪದರ ಹುಡುಗನೊಬ್ಬ ಕೂತಿರುತ್ತಿದ್ದ. ಅವನು ನಕ್ಕನೋ ಇಲ್ಲವೋ ನಾನು ಒಂದು ದಿನವೂ ನೋಡಲಿಲ್ಲ. ಇಪ್ಪತ್ತು ವರ್ಷದ ಮೇಲೆ ಅವನೇ ಹೇಳಿದ, ತನ್ನ ಅಂಗಡಿಯಲ್ಲಿ, ನನ್ನ ಗಂಟಲ ಮೇಲೆ ಬ್ಲೇಡು ಇಟ್ಟುಕೊಂಡು: "ಸರ್, ಅವತ್ತ ನಂದು ಲೆಕ್ಕ ಬರೋಬ್ಬರಿ ಇತ್ರಿ. ನೀವು ಬೈದದ್ದು ಬ್ಯಾರೆ ಹುಡುಗಗ. ಆದ್ರ ಎಲ್ಲಾರೂ ತಿರುಗಿ ನೋಡಿದ್ದು ನನ್ನ." ಸಿಟ್ಟಿನಿಂದ ಹೇಳಲಿಲ್ಲ. ಗಡ್ಡ ಪೂರಾ ಮಾಡಿ, ಮುಖ ಒರೆಸಿ, ಕುರ್ಚಿ ಝಾಡಿಸಿದ.

ವಾರ ಬಿಟ್ಟು ಹೋಗಿ, "ನನಗ ಈ ಕೆಲಸ ಕಲಸಪಾ" ಅಂದೆ. "ನಿಮಗ್ಯಾಕ್ರಿ ಸರ್?" ಅಂದ. ಒತ್ತಾಯ ಮಾಡಿದ ಮೇಲೆ ತನ್ನ ಅಪ್ಪನ ಹಡಪ ಬಿಚ್ಚಿದ. ಅದರೊಳಗೆ ವಸ್ತರಾ, ಸಾಣೆಕಲ್ಲು, ಚರ್ಮದ ಪಟ್ಟಾ, ಹಿತ್ತಾಳೆ ಬಟ್ಟಲು, ಒಡಕು ಕನ್ನಡಿ.

ಈಗ ಕಲಿಕೆಯ ಮಾತು. ಕತ್ತಿ ಮುಖಕ್ಕೆ ಬರುವ ಮೊದಲು ಪಟ್ಟಾದ ಮೇಲೆ ಹೋಗಬೇಕು. ಬೆನ್ನು ಮುಂದೆ, ಅಲಗು ಹಿಂದೆ ಬರುವಂತೆ ಎಳೆಯಬೇಕು. ತುದಿ ಮುಟ್ಟಿದಾಗ ಬೆನ್ನಿನ ಮೇಲೆ ಹೊರಳಿಸಬೇಕು, ಅಲಗಿನ ಮೇಲಲ್ಲ. ಸಾಣೆಕಲ್ಲಿನ ಮೇಲೆ ಇದು ಉಲ್ಟಾ, ಅಲಗು ಮುಂದೆ. ನಾನು ಮೊದಲನೇ ದಿನವೇ ಅವನ ಅಪ್ಪನ ಪಟ್ಟಾ ಕೊಯ್ದೆ. ಅವನು ಏನೂ ಅನ್ನಲಿಲ್ಲ. ನಾನಾಗಿದ್ದರೆ ಬೆರಳ ಗಂಟಿಗೆ ಪಟ್ಟಿಯಿಂದ ಹೊಡೆಯುತ್ತಿದ್ದೆ.

ಆಮೇಲೆ ಹದಿನೈದು ದಿನ ಫುಗ್ಗಾದ ಮೇಲೆ ಸಾಬೂನಿನ ನೊರೆ ಬಳಿದು ಅದನ್ನು ತೆಗೆಯುವುದು. ಎಷ್ಟು ಫುಗ್ಗಾ ಒಡೆದವೋ, ಮೊಮ್ಮಕ್ಕಳಿಗೆ ಹಬ್ಬ. ಆಮೇಲೆ ಗಲ್ಲ. ಬಿಸಿನೀರಿನಿಂದ ಕೂದಲು ಮೆತ್ತಗಾಗಬೇಕು, ಎಡಗೈಯಿಂದ ಚರ್ಮ ಬಿಗಿ ಹಿಡಿಯಬೇಕು, ಮೊದಲ ಸಲ ಕೂದಲು ಬೆಳೆದ ದಿಕ್ಕಿಗೇ ಕತ್ತಿ ಹೋಗಬೇಕು. ಕತ್ತಿ ಚರ್ಮದಿಂದ ಸುಮಾರು 30 ಡಿಗ್ರಿ ಎದ್ದಿರಬೇಕು. ಬಹಳ ಮಲಗಿಸಿದರೆ ಕೂದಲು ಜಗ್ಗುತ್ತದೆ, ಬಹಳ ಎಬ್ಬಿಸಿದರೆ ಚರ್ಮವೇ ಬರುತ್ತದೆ. ಕೋನ ಅಂದರೇನು ಅಂತ ಅವನಿಗೆ ಕಲಿಸಿದವ ನಾನು. ಕೋನಮಾಪಕವಿಲ್ಲದೆ ಅವನು ಹಿಡಿಯುವ ಆ ಕೋನ ನನ್ನ ಕೈಗೆ ಮೂರು ತಿಂಗಳು ಸಿಗಲಿಲ್ಲ. ಗದ್ದ ಮತ್ತು ಮೇಲ್ದುಟಿ ಇಂದಿಗೂ ಸರಿಯಾಗಿ ಬರುವುದಿಲ್ಲ.

(ಒಂದು ಎಚ್ಚರಿಕೆ. ಈ ಹಳೇ ಕತ್ತಿ ಒಬ್ಬನ ಮುಖಕ್ಕೆ ಮಾತ್ರ. ರಕ್ತದಿಂದ ಎಚ್‌ಐವಿ, ಹೆಪಟೈಟಿಸ್ ಬಿ ಹರಡುವುದರಿಂದ ಅಂಗಡಿಯಲ್ಲಿ ಪ್ರತಿಯೊಬ್ಬರಿಗೂ ಹೊಸ ಅರ್ಧ ಬ್ಲೇಡು ಹಾಕಲೇಬೇಕು. ಹಾಕದಿದ್ದರೆ ಕೇಳಿರಿ.)

ನಮ್ಮಲ್ಲಿ ಕೆಲವರು ಹೊಗಳುವ ಧಾಟಿಯಲ್ಲಿ ಹೇಳುತ್ತಾರೆ, "ಅವರಿಗೇನ್ರಿ, ಅದು ರಕ್ತದಾಗ ಬಂದದ." ಈ ಮಾತು ಬೈಗುಳಕ್ಕಿಂತ ಕೆಟ್ಟದ್ದು. ಆ ಹುಡುಗನಿಗೂ ರಕ್ತದಲ್ಲಿ ಬರಲಿಲ್ಲ. ಅಪ್ಪನ ಕೈಯಲ್ಲಿ ಏಟು ತಿಂದು, ತನ್ನ ಮೊಣಕಾಲಿನ ಕೂದಲು ಬೋಳಿಸಿಕೊಂಡು ಕಲಿತ. ರಕ್ತದಲ್ಲಿ ಬಂತು ಅಂದುಬಿಟ್ಟರೆ ಅವನ ಕಲಿಕೆಗೆ ಬೆಲೆ ಕೊಡಬೇಕಾಗಿಲ್ಲ, ಬೇರೆ ಕೆಲಸ ಕೇಳಿದರೆ ಇಲ್ಲ ಅನ್ನಲೂ ಬರುತ್ತದೆ. ಇದೇ ನಮ್ಮ ಜಾಣತನ.

ಹಜಾಮ ಅನ್ನುವ ಶಬ್ದವನ್ನು ಬೈಗುಳ ಮಾಡಿದ್ದೀವಲ್ಲ, ಅರಬ್ಬಿಯಲ್ಲಿ ಅದರ ಮೂಲ ಅರ್ಥ ಮೈಯೊಳಗಿನ ಕೆಟ್ಟ ರಕ್ತ ತೆಗೆಯುವ ಚಿಕಿತ್ಸಕ. ಹಡಪದ ಅಪ್ಪಣ್ಣ ಬಸವಣ್ಣನವರ ಆಪ್ತ. ಅವನ ಹೆಂಡತಿ ಲಿಂಗಮ್ಮ ವಚನ ಬರೆದಾಕೆ. ಪಂಢರಪುರದ ದಾರಿ ಹಿಡಿದ ಮರಾಠಿಯವರಿಗೆ ಸೇನಾ ನ್ಹಾವಿ ಸಂತ. ಬಸವ ಜಯಂತಿಗೆ ಅಪ್ಪಣ್ಣನ ಹೆಸರು ಭಾಷಣದಲ್ಲಿ ಹೇಳಿ, ಇಳಿದು ಬಂದು "ಏ ಹಜಾಮ, ಕುರ್ಚಿ ಸರಸಲೇ" ಅಂದವರನ್ನು ನಾನು ಕಣ್ಣಾರೆ ಕಂಡೇನಿ.

ಈ ಕತ್ತಿ ಹಿಡಿದವರಿಗೆ ಇದ್ದ ಎದೆ ನಮಗೆಷ್ಟು ಮಂದಿಗೆ ಇತ್ತು? 1890ರಲ್ಲಿ ಮುಂಬಯಿಯ ಕ್ಷೌರಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ನಿಶ್ಚಯಿಸಿದರು. ತಮ್ಮ ಹೊಟ್ಟೆಯ ಮೇಲೆ ತಾವೇ ಕಲ್ಲು ಹಾಕಿಕೊಂಡು ಅಂದ ಮಾತದು. ಆಗ ಓದಿದವರಲ್ಲಿ ಬಹಳ ಮಂದಿ ಶಾಸ್ತ್ರದ ಪುಟ ತಿರುವುತ್ತ ಕೂತಿದ್ದರು. ಇದು ನನ್ನ ಹುಡುಗರಿಗೆ ನಾನು ಕಲಿಸಲಿಲ್ಲ, ನನಗೇ ಗೊತ್ತಿರಲಿಲ್ಲ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ. ದಲಿತರ ತಲೆ ಮುಟ್ಟದ ಅಂಗಡಿಗಳು ಈ ಗಡಿಯ ಎರಡೂ ಕಡೆ ಇದ್ದವು. ಅದಕ್ಕೆ ಕ್ಷೌರಿಕರನ್ನಷ್ಟೇ ಬೈದು ಕೈ ತೊಳೆದುಕೊಳ್ಳಬಾರದು. "ಅವರ ಗಡ್ಡ ಮಾಡಿದ ಕತ್ತಿ ನಮ್ಮ ಮನೀಗೆ ತಂದ್ರ ಈ ಸಲದ ಆಯ ಇಲ್ಲ" ಅಂತ ಕಣದಲ್ಲಿ ನಿಂತು ಹೇಳಿದವರು ಯಾರು? ಜೋಳದ ರಾಶಿ ಇದ್ದವರು. ಸಂವಿಧಾನದ 17ನೇ ವಿಧಿ ಓದಿ ಹೇಳುತ್ತಿದ್ದ ನಾನೂ ಅವರ ಮನೆಯ ಕಟ್ಟೆಯ ಮೇಲೆ ಚಹಾ ಕುಡಿದವನೇ.

2020ರಲ್ಲಿ ಲಾಕ್‌ಡೌನ್ ಆಗಿ ಅಂಗಡಿ ಮುಚ್ಚಿದಾಗ ಊರ ಗಂಡಸರೆಲ್ಲ ಕರಡಿಗಳಾಗಿ ತಿರುಗಿದೆವು. ಆಗ ಆ ಮನೆಗಳಲ್ಲಿ ಒಲೆ ಹೊತ್ತಿದೆಯೇ ಅಂತ ಕೇಳಲು ಹೋದವರು ಎಷ್ಟು ಜನ? ಮಕ್ಕಳ ಜವಳಕ್ಕೆ ಅವನು ಬೇಕು, ಮದುವೆಗೆ ಬೇಕು, ಸತ್ತ ಮನೆಗೆ ಬೇಕು. ಮಾತಾಡಿಸುವಾಗ ಮಾತ್ರ "ಲೇ".

ಮಾಸ್ತರರಿಗೆ ನನ್ನ ಕೇಳಿಕೆ ಇಷ್ಟು. ಆ ಬೆದರಿಕೆಯ ಮಾತು ವರ್ಗದಲ್ಲಿ ಬಂದ್ ಮಾಡಿರಿ. ವೇಳಾಪತ್ರಿಕೆಯಲ್ಲಿ ಕಾರ್ಯಾನುಭವ ಅಂತ ಒಂದು ತಾಸು ಇದೆ, ಕಾಗದದ ಹೂವು ಮಾಡಿಸಿ ಮುಗಿಸುತ್ತೀರಿ. ಒಂದು ದಿನ ಆ ನನ್ನ ಗುರುವನ್ನು ಕರೆಸಿರಿ, "ಬರ್ರಿ" ಅಂತ ಕರೆಸಿರಿ. ಕತ್ತಿಯ ಕೋನ, ಪಟ್ಟಾದ ಎಳೆತ, ಸಾಣೆಯ ಲೆಕ್ಕ ಅವನು ತೋರಿಸಲಿ. ಕುರ್ಚಿಯ ಮೇಲೆ ನಾನು ಕೂಡುತ್ತೇನೆ, ಮಕ್ಕಳು ದೂರ ನಿಂತು ನೋಡಲಿ. ಈ ಮಾತು ಎತ್ತಿದಾಗ ಒಬ್ಬರು ಅಂದರು, "ಸಾಲ್ಯಾಗ ಕೂದಲ ಬೀಳತಾವಲ್ರಿ ಮಾಸ್ತರ, ಯಾರು ಬಳೀಬೇಕು?" ಕಸಬರಿಗಿ ನಾ ಮನೀಂದ ತರ್ತೀನಿ.